ತ್ರೀ ಫೇಸ್ ಬರೋವರೆಗೂ ಕಾಯಬೇಕಿಲ್ಲ

ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯ ಟೀ ಅಂಗಡಿ ಮುಂದೆ ಹಸಿರು ನಂಬರ್ ಪ್ಲೇಟಿನ ಕಾರು ನಿಲ್ಲಿಸಿದರೆ ಟೀಗಿಂತ ಮೊದಲು ಪ್ರಶ್ನೆಗಳು ಬರುತ್ತವೆ. “ಒಂದ್ ಚಾರ್ಜ್‌ಗೆ ಎಷ್ಟ್ ಕೊಡ್ತದಣ್ಣ?” ಅನ್ನುವುದು ಮೊದಲನೆಯದು. ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಇನ್ನೊಬ್ಬರು ಬಾಯಿ ಹಾಕುತ್ತಾರೆ: “ತ್ರೀ ಫೇಸ್ ಕೊಡೋದೇ ಏಳು ಗಂಟೆ, ಅದೂ ಯಾವ್ಯಾವ್ದೋ ಹೊತ್ತಲ್ಲಿ. ಗದ್ದೆಗೇ ಸಾಲಲ್ಲ, ಇನ್ನು ಕಾರಿಗೆಲ್ಲಿಂದ ತರಾನ?”

ಈ ಭಾಗದ ಹಳ್ಳಿಗಳಲ್ಲಿ ವಿದ್ಯುತ್ ಕಾರಿನ ಬಗ್ಗೆ ಇರುವ ತಪ್ಪು ಕಲ್ಪನೆಗಳಲ್ಲಿ ಇದೇ ಮುಖ್ಯವಾದದ್ದು ಅನ್ನಿಸುತ್ತದೆ. ಪಂಪ್‌ಸೆಟ್ ಕಾಯ್ದು ಕಾಯ್ದು ಬೇಸತ್ತ ಜನಕ್ಕೆ ಕರೆಂಟು ಅಂದರೆ ತ್ರೀ ಫೇಸೇ. ಮನೆಯಲ್ಲಿ ಕಾರು ಚಾರ್ಜ್ ಮಾಡಲು ಅದು ಬೇಕಿಲ್ಲ. ಗೀಸರ್‌ಗೆ ಹಾಕುವ ದೊಡ್ಡ ಪಿನ್ನಿನ 15 ಆಂಪಿಯರ್ ಪ್ಲಗ್ಗು, ಸಿಂಗಲ್ ಫೇಸಿನ 230 ವೋಲ್ಟು ಇದ್ದರೆ ಸಾಕು. ನಿರಂತರ ಜ್ಯೋತಿ ಯೋಜನೆಯಲ್ಲಿ ಊರೊಳಗಿನ ಮನೆಗಳ ಲೈನನ್ನು ಪಂಪ್‌ಸೆಟ್ ಲೈನಿನಿಂದ ಬೇರೆ ಮಾಡಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆ ಪ್ಲಗ್ಗಿನಲ್ಲಿ ಗಂಟೆಗೆ ಮೂರು ಯುನಿಟ್‌ನಷ್ಟು ತುಂಬುತ್ತದೆ. ಸಣ್ಣ ಕಾರಿನ 24 ಯುನಿಟ್ ಬ್ಯಾಟರಿ ಪೂರ್ತಿ ಬರಿದಾಗಿದ್ದರೆ ಎಂಟೊಂಬತ್ತು ಗಂಟೆ ಹಿಡಿಯುತ್ತದೆ ನಿಜ. ಆದರೆ ದಿನಾ ಬರಿದು ಮಾಡುವವರು ಯಾರು? ದಿನಕ್ಕೆ 60 ಕಿ.ಮೀ. ಓಡಿಸುವವರಿಗೆ ಬೇಕಾಗುವುದು ಎಂಟೊಂಬತ್ತು ಯುನಿಟ್. ಉಂಡು ಮಲಗುವಾಗ ಸಿಕ್ಕಿಸಿದರೆ ನಡುರಾತ್ರಿಗೆ ಕೆಲಸ ಮುಗಿದಿರುತ್ತದೆ. ಮಧ್ಯೆ ಕರೆಂಟು ಹೋಗಿ ಬಂದರೂ ನಿಂತಲ್ಲಿಂದ ಮುಂದುವರಿಯುತ್ತದೆ.

ಇದಕ್ಕೆ ತೀರಾ ವಿರುದ್ಧವಾದ ಇನ್ನೊಂದು ನಂಬಿಕೆ ಹೊಸದಾಗಿ ಹುಟ್ಟಿಕೊಂಡಿದೆ: “ಗೃಹಜ್ಯೋತಿ ಅದಲ್ಲ, 200 ಯುನಿಟ್ ಫ್ರೀ. ಕಾರು ಪುಕ್ಕಟೆ ಓಡ್ತದೆ.” ಇದು ಜೇಬಿಗೆ ಹೊಡೆತ ಕೊಡುವ ನಂಬಿಕೆ, ಹಾಗಾಗಿ ಲೆಕ್ಕ ಬಿಡಿಸಿ ಹೇಳುತ್ತೇನೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯುನಿಟ್ ಉಚಿತವಲ್ಲ. 2022–23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದು, ಅದರ ಮೇಲೆ ಶೇ 10 (ಸರಾಸರಿ 48 ಯುನಿಟ್‌ಗಿಂತ ಕಡಿಮೆ ಇದ್ದವರಿಗೆ 2024ರಿಂದ ಶೇ 10ರ ಬದಲು 10 ಯುನಿಟ್), ಅಷ್ಟೇ ಉಚಿತ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ದುಡ್ಡು. ಒಟ್ಟು 200 ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ತಿಂಗಳಿಗೆ 60 ಯುನಿಟ್ ಸುಡುವ ಮನೆಗೆ 66 ಯುನಿಟ್ ಉಚಿತ ಸಿಗುತ್ತದೆ. ಆ ಮನೆಗೆ ತಿಂಗಳಿಗೆ ಸಾವಿರ ಕಿ.ಮೀ. ಓಡುವ ಕಾರು ಬಂದರೆ 145 ಯುನಿಟ್ ಸೇರುತ್ತದೆ. ಒಟ್ಟು 205. ಐದು ಯುನಿಟ್ಟಿಗೋಸ್ಕರ ಇಡೀ ರಿಯಾಯಿತಿ ಹೋಯಿತು.

ಹಾಗಂತ ಗಾಬರಿ ಬೀಳಬೇಕಿಲ್ಲ. ಯುನಿಟ್ಟಿಗೆ ಆರು ರೂಪಾಯಿ ಹಿಡಿದರೂ ಆ ಪೂರ್ತಿ ಬಿಲ್ಲು, ಫಿಕ್ಸೆಡ್ ಚಾರ್ಜ್ ಬಿಟ್ಟು, 1,230 ರೂಪಾಯಿ. ಅದೇ ಸಾವಿರ ಕಿ.ಮೀ.ಗೆ ಲೀಟರಿಗೆ 17 ಕೊಡುವ ಪೆಟ್ರೋಲ್ ಕಾರು 59 ಲೀಟರ್ ಕುಡಿಯುತ್ತದೆ. ಲೀಟರಿಗೆ 103 ರೂಪಾಯಿ ಹಿಡಿದರೆ ಆರು ಸಾವಿರ ದಾಟುತ್ತದೆ. ಪುಕ್ಕಟೆ ಅಲ್ಲ, ಆದರೆ ತಿಂಗಳಿಗೆ ಐದು ಸಾವಿರದಷ್ಟು ಉಳಿತಾಯ. ಕಾರು ತರುವ ಮುಂಚೆ, ಊರವರ ಬಾಯಲ್ಲಿ ಇನ್ನೂ ಕೆಇಬಿಯೇ ಆಗಿರುವ ಸೆಸ್ಕ್ ಕಚೇರಿಗೆ ಹೋಗಿ ಮನೆಯ ಮಂಜೂರಾದ ಲೋಡು ಎಷ್ಟಿದೆ, ಕಾರಿಗೆ ಬೇರೆ ಮೀಟರ್ ಹಾಕಿಸಬಹುದೇ ಎಂದು ಕೇಳಿಕೊಂಡು ಬನ್ನಿ.

“ಹಂಗಾದ್ರೆ ಎಲ್ಲಾರ್ಗೂ ಲಾಭನೇ ಬುಡಿ” ಅನ್ನುವವರಿದ್ದಾರೆ. ಅದೂ ಸರಿಯಲ್ಲ. ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಎರಡೂವರೆ ಲಕ್ಷ ಹೆಚ್ಚು ಕೊಟ್ಟು ತಂದಿರಿ ಅನ್ನಿ. ವರ್ಷಕ್ಕೆ 12,000 ಕಿ.ಮೀ. ಓಡಿಸುವವರಿಗೆ ನಾಲ್ಕು ವರ್ಷ ಚಿಲ್ಲರೆಯಲ್ಲಿ ಆ ದುಡ್ಡು ಹುಟ್ಟುತ್ತದೆ. ಹಬ್ಬಕ್ಕೆ, ಮದುವೆಗೆ, ಆಸ್ಪತ್ರೆಗೆ ಅಂತ ವರ್ಷಕ್ಕೆ 4,000 ಓಡಿಸುವ ಮನೆಗೆ ಹತ್ತು ವರ್ಷ ದಾಟಿದರೂ ಹುಟ್ಟುವುದಿಲ್ಲ. ಅಂಥವರು ಇರುವ ಕಾರನ್ನೇ ಚೆನ್ನಾಗಿ ನೋಡಿಕೊಂಡರೆ ಸಾಕು. ದಿನಾ ಮಳವಳ್ಳಿ, ಮದ್ದೂರು, ಮಂಡ್ಯ ಅಂತ ಓಡಾಡುವವರ ಮಾತು ಬೇರೆ.

ಇನ್ನು ಹೊಗೆಯ ವಿಷಯ. ನಮ್ಮ ತಾಲ್ಲೂಕಿನವರಿಗೆ ಒಂದು ಹೆಮ್ಮೆ ಇದೆ, ಇರಬೇಕಾದ್ದೇ. ಶಿವನಸಮುದ್ರದ ಬ್ಲಫ್ ಕೇಂದ್ರದಲ್ಲಿ ಕಾವೇರಿ ನೀರಿನಿಂದ ತೆಗೆದ ಕರೆಂಟು 1902ರ ಜೂನ್ 30ರಂದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಬೆಂಗಳೂರಿನ ಬೀದಿ ದೀಪ ಹತ್ತಿದ್ದು 1905ರ ಆಗಸ್ಟಿನಲ್ಲಿ, ಅದೇ ಕರೆಂಟಿನಿಂದ. ಆಮೇಲೆ ಶಿಂಷಾ ಕೇಂದ್ರವೂ ಬಂತು. “ಅದಕ್ಕೇ ನಮ್ ಕಾರು ನೀರಿನ ಕರೆಂಟಲ್ಲೇ ಓಡೋದು” ಎಂದು ಹೇಳುವುದನ್ನು ಕೇಳಿದ್ದೇನೆ. ಹಾಗಾಗುವುದಿಲ್ಲ. ಗ್ರಿಡ್ ಒಂದೇ ದೊಡ್ಡ ಕೆರೆ ಇದ್ದ ಹಾಗೆ. ಶರಾವತಿಯದು, ಬ್ಲಫಿನದು, ಪಾವಗಡದ ಬಿಸಿಲಿನದು, ರಾಯಚೂರು–ಬಳ್ಳಾರಿಯ ಕಲ್ಲಿದ್ದಲಿನದು, ಎಲ್ಲವೂ ಅದಕ್ಕೇ ಬಂದು ಬೀಳುತ್ತದೆ. ನಮ್ಮ ಪ್ಲಗ್ಗಿಗೆ ಬರುವುದು ಆ ಬೆರಕೆ.

“ಕಲ್ಲಿದ್ದಲು ಸುಟ್ಟೇ ಕರೆಂಟು ಮಾಡೋದಾದ್ರೆ ಏನ್ ಬಂತು?” ಎಂದು ಕೇಳುವವರ ಪ್ರಶ್ನೆ ಹಾಗಾಗಿ ನ್ಯಾಯವಾದದ್ದೇ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕೆ.ಜಿ. ಇಂಗಾಲದ ಡೈ ಆಕ್ಸೈಡ್. 100 ಕಿ.ಮೀ.ಗೆ ಸುಮಾರು 14 ಕೆ.ಜಿ. ದೇಶದ ಸರಾಸರಿ ಕರೆಂಟಿನಲ್ಲಿ ಯುನಿಟ್ಟಿಗೆ ಸುಮಾರು 0.7 ಕೆ.ಜಿ.; ಲೈನಿನಲ್ಲಿ ಸೋರುವುದನ್ನೂ ಸೇರಿಸಿ 17 ಯುನಿಟ್ ಹಿಡಿದರೆ 12 ಕೆ.ಜಿ. ಅಂತರ ಇದೆ, ಜಾಹೀರಾತಿನಲ್ಲಿ ಹೇಳುವಷ್ಟಿಲ್ಲ. ಬ್ಯಾಟರಿ ತಯಾರಿಸುವಾಗ ಬಿಟ್ಟ ಹೊಗೆಯ ಸಾಲವನ್ನೂ ಕಾರು ಓಡಿ ಓಡಿಯೇ ತೀರಿಸಬೇಕು. ಆದರೂ ನಾನು ವಿದ್ಯುತ್ತಿನ ಪರವೇ. ಪೆಟ್ರೋಲ್ ಬಾವಿಯಿಂದ ಬಂಕಿಗೆ ಬರುವಷ್ಟರಲ್ಲಿ ಹೊರಡುವ ಹೊಗೆ ಈ 14ರಲ್ಲಿ ಸೇರಿಲ್ಲ. ಜೊತೆಗೆ, ಇವತ್ತು ಕೊಂಡ ಪೆಟ್ರೋಲ್ ಕಾರು ಇನ್ನು ಹದಿನೈದು ವರ್ಷ ಪೆಟ್ರೋಲನ್ನೇ ಸುಡುತ್ತದೆ. ವಿದ್ಯುತ್ ಕಾರು ಮಾತ್ರ ಪಾವಗಡದಂಥ ಪಾರ್ಕುಗಳು ಹೆಚ್ಚಿದಂತೆಲ್ಲ, ಮನೆಯ ಮಾಳಿಗೆ ಮೇಲೆ ಸೋಲಾರ್ ಹಾಕಿದಂತೆಲ್ಲ ತಾನಾಗಿ ಶುದ್ಧವಾಗುತ್ತದೆ. ಹಗಲು ಬಿಸಿಲಿರುವಾಗ ಚಾರ್ಜ್ ಮಾಡಿದರೆ ಇನ್ನೂ ಒಳ್ಳೆಯದು.

ಕಲ್ಲಿದ್ದಲು ಇದ್ದೂ ಈ ಅಂತರ ಎಲ್ಲಿಂದ ಬಂತು ಅನ್ನುವುದು ಪೂರಿಗಾಲಿಯವರಿಗೆ ಬೇಗ ಅರ್ಥವಾಗುತ್ತದೆ, ಏಕೆಂದರೆ ಈ ಊರಿನ ಹೆಸರು ಹೊರಗೆ ಕೇಳುವುದೇ ಹನಿ ನೀರಾವರಿ ಯೋಜನೆಯಿಂದ. ಪೆಟ್ರೋಲ್ ಎಂಜಿನ್ನು ಕಾಲುವೆ ಒಡೆದು ಗದ್ದೆಗೆ ನೀರು ಬಿಟ್ಟ ಹಾಗೆ. ಸುಟ್ಟಿದ್ದರಲ್ಲಿ ಚಕ್ರಕ್ಕೆ ತಲುಪುವುದು ನೂರಕ್ಕೆ 20ರಿಂದ 30; ಮಿಕ್ಕಿದ್ದು ಬಿಸಿಯಾಗಿ ರೇಡಿಯೇಟರಿನಲ್ಲಿ, ಸೈಲೆನ್ಸರಿನಲ್ಲಿ ಹೋಗುತ್ತದೆ. ವಿದ್ಯುತ್ ಮೋಟಾರು ಡ್ರಿಪ್ ಪೈಪಿನ ಹಾಗೆ, 85ಕ್ಕೂ ಹೆಚ್ಚು ಬೇರಿಗೇ ಮುಟ್ಟುತ್ತದೆ. ಬ್ರೇಕ್ ಹಿಡಿದಾಗ, ಇಳಿಜಾರಿನಲ್ಲಿ ಇಳಿಯುವಾಗ ಒಂದಿಷ್ಟನ್ನು ವಾಪಸ್ ಬ್ಯಾಟರಿಗೆ ತುಂಬಿಕೊಳ್ಳುತ್ತದೆ.

“ಪೆಟ್ರೋಲಿಗೆ ನಮ್ ಕಬ್ಬಿನ ಎಥೆನಾಲ್ ಬೆರೆಸ್ತಾರಲ್ಲ” ಎಂದು ಕೇಳಿದ ಕಬ್ಬು ಬೆಳೆಗಾರರಿಗೂ ಒಂದು ಮಾತು. ಬೆರೆಸುವುದು ಶೇ 20. ಉಳಿದ 80 ಪೆಟ್ರೋಲೇ. ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ಬರಲು ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿಯೇ ಲೆಕ್ಕ ಹಾಕಿದೆ. ಕಾವೇರಿ ನೀರಿಗಾಗಿ ಹೆದ್ದಾರಿಯಲ್ಲಿ ಕೂತು ಬಂದ ಜಿಲ್ಲೆ ಇದು. ರೈತರಿಗೆ ಎಥೆನಾಲಿನಿಂದ ದುಡ್ಡು ಸಿಗಲಿ, ಅದು ಬೇಡವೆನ್ನುವುದಿಲ್ಲ. ಅದರಿಂದ ಕಾರಿನ ಹೊಗೆ ಮುಗಿಯಿತು ಅನ್ನುವುದು ಮಾತ್ರ ಸುಳ್ಳು.

ಬ್ಯಾಟರಿ ಮೂರೇ ವರ್ಷಕ್ಕೆ ಕೈಕೊಡುತ್ತದೆ ಅನ್ನುವುದು ಲೆಡ್ ಆಸಿಡ್ ಬ್ಯಾಟರಿ ಕಾಲದ ಮಾತು. ಈಗಿನ ಕಾರುಗಳ ಲಿಥಿಯಂ ಬ್ಯಾಟರಿಗೆ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಇರುತ್ತದೆ. ಆಮೇಲೆ ಬದಲಿಸುವುದು ದುಬಾರಿಯೇ, ಅದನ್ನು ಮುಚ್ಚಿಡಬಾರದು. “ನಮ್ ಜಿಲ್ಲೇಲೇ ಲಿಥಿಯಂ ಸಿಕ್ಕದೆ, ಬ್ಯಾಟರಿ ಅಗ್ಗ ಆಯ್ತದೆ” ಎಂದು ಕಾಯುವವರಿಗೆ: ಮರಳಗಾಲ–ಅಲ್ಲಾಪಟ್ಟಣ ಭಾಗದಲ್ಲಿ 14,100 ಟನ್ ಇದೆಯೆಂಬ ಸುದ್ದಿ 2020ರಲ್ಲಿ ಹಬ್ಬಿತು. ಪರಮಾಣು ಖನಿಜ ನಿರ್ದೇಶನಾಲಯದ ಸಮೀಕ್ಷೆಯಲ್ಲಿ ಕಂಡದ್ದೆಂದು 2021ರಲ್ಲಿ ಸರ್ಕಾರ ಹೇಳಿದ್ದು 1,600 ಟನ್, ಅದೂ ಅಂದಾಜಿನ ಹಂತದ್ದು.

ಬೆಂಕಿಯ ಭಯ ಹುಟ್ಟಿದ್ದು 2022ರ ಬೇಸಿಗೆಯಲ್ಲಿ ಸ್ಕೂಟರ್‌ಗಳು ಹೊತ್ತಿ ಉರಿದ ವಿಡಿಯೋಗಳಿಂದ. ಅವು ಸುಳ್ಳಲ್ಲ. ಅದೇ ವರ್ಷದ ಡಿಸೆಂಬರಿನಿಂದ ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿಯಾಯಿತು. ಮಳೆಯಲ್ಲಿ ಶಾಕ್ ಹೊಡೆಯುತ್ತದೆ ಅನ್ನುವುದಕ್ಕೆ ಮಾತ್ರ ಆಧಾರವಿಲ್ಲ. ಐಪಿ67 ಎಂದು ಬರೆದಿರುವ ಬ್ಯಾಟರಿ ಪೆಟ್ಟಿಗೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗದಂತೆ ಪರೀಕ್ಷೆಯಾಗಿರುತ್ತದೆ.

ಹೆದರಬೇಕಾದ್ದು ಮನೆಯ ವೈರಿಂಗಿಗೆ, ಅರ್ಥಿಂಗಿಗೆ. ಅಕ್ಕನ ಮನೆಗೆ ಹೋದಾಗ ರಾತ್ರಿ ಕಾರಿಗೆ ಪ್ಲಗ್ ಹಾಕಿದೆ. ಚಾರ್ಜರಿನ ಡಬ್ಬಿ ಮೇಲೆ ಕೆಂಪು ದೀಪ ಹತ್ತಿತು, ಹಸಿರಾಗಲೇ ಇಲ್ಲ. “ನಿನ್ ಕಾರೇ ಸರಿ ಇಲ್ಲ ಕಣಯ್ಯ, ಪೆಟ್ರೋಲಿನ್ದು ತಗೋ ಅಂತ ಬಡ್ಕೊಂಡೆ” ಅಂದರು ಭಾವ. ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬಂದು ಹೋಲ್ಡರಿಗೆ ಎರಡು ವೈರು ಕಟ್ಟಿದ ಬಲ್ಬು ಹಿಡಿದ. ಫೇಸಿಗೂ ನ್ಯೂಟ್ರಲ್‌ಗೂ ಇಟ್ಟರೆ ಝಗ್ಗನೆ ಹತ್ತಿತು. ಫೇಸಿಗೂ ಅರ್ಥಿಂಗ್‌ಗೂ ಇಟ್ಟರೆ ಮಿಣುಕಲೂ ಇಲ್ಲ. ಹಿತ್ತಿಲಿಗೆ ಹೋಗಿ ನೋಡಿದರೆ ಕೊಟ್ಟಿಗೆಗೆ ಸಿಮೆಂಟು ಹಾಕಿಸುವಾಗ ಅರ್ಥಿಂಗ್ ತಂತಿ ತುಂಡಾಗಿ, ತುಕ್ಕು ಹಿಡಿದು ಗೋಡೆಗೆ ನೇತಾಡುತ್ತಿತ್ತು. ಎಷ್ಟು ವರ್ಷದಿಂದಲೋ. ಹೊಸ ಗುಂಡಿ ತೋಡಿ, ಪೈಪು ಇಳಿಸಿ, ಉಪ್ಪು ಇದ್ದಿಲು ತುಂಬಿ, ನಾಲ್ಕು ಬಿಂದಿಗೆ ನೀರು ಹುಯ್ದ ಮೇಲೆ ಬಲ್ಬು ಹತ್ತಿತು. ಚಾರ್ಜರಿನ ದೀಪ ಹಸಿರಾಯಿತು.

ವಾಷಿಂಗ್ ಮೆಷಿನ್ ಮುಟ್ಟಿದಾಗ ಕೈ ಜುಮ್ಮೆನ್ನುತ್ತಿದ್ದದ್ದು ಅವತ್ತಿನಿಂದ ನಿಂತಿದೆ ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಬೇಸಿಗೆಯಲ್ಲಿ ವಾರಕ್ಕೊಂದು ಬಿಂದಿಗೆ ನೀರು ಆ ಗುಂಡಿಗೆ ಹಾಕುವುದು ಈಗ ಭಾವನ ಕೆಲಸ.