ಕಡಲ ತಡಿಗೆ ಎಷ್ಟು ಮೆಟ್ಟಿಲು?

“ನನ್ನನ್ನು ನಾಲ್ವರು ಹೊರುವ ದಿನವೊಂದು ಹೇಗೂ ಇದ್ದೇ ಇದೆ. ಅದಕ್ಕೆ ಮೊದಲು ಯಾರೂ ಹೊರುವುದು ಬೇಡ.”

ಗೋಕರ್ಣಕ್ಕೆ ಹೋಗಿಬರೋಣವೆಂದು ನಾನು ಮಾತೆತ್ತಿದಾಗ ನಮ್ಮ ತಂದೆಯವರು ಹಾಕಿದ ಷರತ್ತು ಇದೊಂದೇ. ಅವರಿಗೀಗ 82 ವರ್ಷ. ರಾಯದುರ್ಗದ ಬೆಟ್ಟವನ್ನು ಪ್ರಾಯದಲ್ಲಿ ಹತ್ತಿ ಇಳಿದವರು. ಮೂರು ವರ್ಷಗಳ ಹಿಂದೆ ಪಾರ್ಶ್ವವಾಯು ಬಡಿದಂದಿನಿಂದ ಎಡಗೈ ಎಡಗಾಲು ಸೋತು, ಊರುಗೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ತಾಯಿಯವರಿಗೆ ಮೊಣಕಾಲು ನೋವು. ಕುಳಿತರೆ ಏಳುವುದು ಕಷ್ಟ, ಎದ್ದರೆ ಕೂರುವುದು ಕಷ್ಟ. ಇಬ್ಬರೂ ಕಡಲನ್ನು ಕಂಡವರಲ್ಲ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬಿದ್ದರೆ ಪುಣ್ಯವೆನ್ನುವ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ, ಕಣ್ಣಿಗೆ ಕೊನೆಯೇ ಕಾಣದಷ್ಟು ನೀರನ್ನು ಒಮ್ಮೆ ನೋಡಬೇಕೆಂಬ ಆಸೆ ಇದ್ದುದರಲ್ಲಿ ಆಶ್ಚರ್ಯವೇನು? ಮಡಕಶಿರಾಕ್ಕೆ ಕೊಟ್ಟ ನಮ್ಮ ಅಕ್ಕ ಈ ಸುದ್ದಿ ಕೇಳಿ, “ನಮ್ಮ ಅತ್ತೆಯವರನ್ನೂ ಕರೆತರುತ್ತೇನೆ” ಎಂದಳು. ಹೀಗೆ ಮೂವರು ಹಿರಿಯರ ಆರು ಕಾಲುಗಳ ಭಾರ ನನ್ನ ಯೋಜನೆಯ ಮೇಲೆ ಬಿತ್ತು.

ಯೋಜನೆಯೆಂದರೆ ನಾನು ಮೊದಲು ತಿಳಿದದ್ದು ನೋಡತಕ್ಕ ಸ್ಥಳಗಳ ಪಟ್ಟಿ. ಕುಡ್ಲೆ, ಓಂ, ಅರ್ಧಚಂದ್ರ, ಪ್ಯಾರಡೈಸ್ ಎಂದು ಗೋಕರ್ಣದ ಕಡಲತೀರಗಳ ಹೆಸರುಗಳನ್ನು ಬರೆದಿಟ್ಟುಕೊಂಡಿದ್ದೆ. ಒಂದು ತಿಂಗಳು ಮುಂಚಿತವಾಗಿ ನಾನೊಬ್ಬನೇ ಹೋಗಿ ನೋಡಿಬಂದಾಗ ಆ ಪಟ್ಟಿ ಅಲ್ಲಿಯೇ ಮಣ್ಣುಪಾಲಾಯಿತು. ಊರಿನ ದಕ್ಷಿಣಕ್ಕೆ ಚಿರೆಕಲ್ಲಿನ ಗುಡ್ಡಗಳು ಕಡಲಿನೊಳಕ್ಕೆ ಕಾಲು ಚಾಚಿವೆ; ಆ ಕಾಲುಗಳ ನಡುವಿನ ಮರಳಿನ ತೊಟ್ಟಿಲುಗಳೇ ಈ ತೀರಗಳು. ಓಂ ತೀರಕ್ಕೆ ವಾಹನ ಬರುವುದು ಗುಡ್ಡದ ತಲೆಯವರೆಗೆ ಮಾತ್ರ, ಅಲ್ಲಿಂದ ಮೆಟ್ಟಿಲಿಳಿಯಬೇಕು. ಕುಡ್ಲೆಗೂ ಇಳಿಜಾರೇ ದಾರಿ. ಅರ್ಧಚಂದ್ರ, ಪ್ಯಾರಡೈಸ್‌ಗಳಿಗೆ ಕಾಲುದಾರಿ, ಇಲ್ಲವೆ ದೋಣಿ. ಅಲೆಗಳ ನಡುವೆ ದೋಣಿ ಹತ್ತುವುದೆಂದರೆ, ಪಕ್ಕದಲ್ಲಿದ್ದವರು ಎತ್ತಿ ಕೂರಿಸಲೇಬೇಕು. ತಂದೆಯವರ ಷರತ್ತು ನೆನಪಾಯಿತು. ನಾಲ್ಕು ಹೆಸರುಗಳನ್ನೂ ಹೊಡೆದು ಹಾಕಿದೆ.

ಉಳಿದದ್ದು ಊರಿನ ಕಡಲು: ಮಹಾಬಲೇಶ್ವರ ದೇವಾಲಯದ ಪಶ್ಚಿಮಕ್ಕೆ, ಕೂಗಳತೆಯಲ್ಲಿ, ಹೆಚ್ಚುಕಡಿಮೆ ಸಮತಟ್ಟಾದ ಉದ್ದನೆಯ ಮರಳು. ಚಿತ್ರಪಟಗಳಲ್ಲಿ ಅದು ಅಷ್ಟೇನೂ ಕಾಣಿಸಿಕೊಳ್ಳುವುದಿಲ್ಲ. ಆದರೆ ಕಡಲು ಅದೇ ಕಡಲು!

ಆ ಮೊದಲ ಪ್ರಯಾಣದಲ್ಲಿ ನಾನು ಕಲಿತದ್ದು, ಕಾಲು ಗಟ್ಟಿಯಿರುವವರ ಕಣ್ಣಿಗೆ ಮೆಟ್ಟಿಲು ಕಾಣಿಸುವುದಿಲ್ಲವೆಂಬುದು. ಒಂದು ವಸತಿಗೃಹದವರು ಫೋನಿನಲ್ಲಿ, “ನೆಲ ಅಂತಸ್ತಿನಲ್ಲೇ ಕೋಣೆ, ಮೆಟ್ಟಿಲೇ ಇಲ್ಲ” ಎಂದು ಆಣೆಯಿಟ್ಟಂತೆ ಹೇಳಿದ್ದರು. ಹೋಗಿ ನೋಡಿದರೆ ಬಾಗಿಲ ಮುಂದೆ ಏಳು ಮೆಟ್ಟಿಲು, ಸ್ನಾನದ ಮನೆಗೆ ಮತ್ತೊಂದು. ಅವರು ಸುಳ್ಳು ಹೇಳಿರಲಿಲ್ಲ. ದಿನಕ್ಕೆ ನೂರು ಸಲ ಹತ್ತಿಳಿಯುವ ಅವರಿಗೆ ಅವು ಮೆಟ್ಟಿಲುಗಳಾಗಿ ಉಳಿದಿರಲಿಲ್ಲ, ಅಷ್ಟೆ. ಅಂದಿನಿಂದ ನಾನು “ಮೆಟ್ಟಿಲಿದೆಯೆ?” ಎಂದು ಕೇಳುವುದನ್ನು ಬಿಟ್ಟೆ. ಎಷ್ಟು ಮೆಟ್ಟಿಲು, ಎಷ್ಟು ಎತ್ತರ, ಹಿಡಿಯಲು ಕಂಬಿ ಯಾವ ಕಡೆಗಿದೆ, ಪಾಯಖಾನೆ ಕುರ್ಚಿಯಂತೆ ಕೂರುವಂಥದೆ, ಬಾಗಿಲು ಎಷ್ಟು ಅಗಲ ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳತೊಡಗಿದೆ. ಕಂಬಿ ಯಾವ ಕಡೆಗೆಂಬುದು ಕ್ಷುಲ್ಲಕ ಪ್ರಶ್ನೆಯೆಂದು ಓದುಗರು ನಗಬಾರದು. ಎಡಗೈ ಸೋತವರಿಗೆ ಏರುವಾಗ ಬಲಕ್ಕಿರುವ ಕಂಬಿ ಆಸರೆ. ಅದೇ ಕಂಬಿ ಇಳಿಯುವಾಗ ಎಡಕ್ಕೆ ಬಂದು ನಿಷ್ಪ್ರಯೋಜಕವಾಗುತ್ತದೆ. ಆದಕಾರಣ ಎರಡೂ ಕಡೆ ಕಂಬಿಯಿರುವ, ಮೂರೇ ಮೆಟ್ಟಿಲಿನ ಮನೆಯೊಂದನ್ನು ಹುಡುಕಿದ್ದಾಯಿತು. ವ್ಯಾಯಾಮ ಕಲಿಸುವವರು ತಂದೆಯವರಿಗೆ ಹೇಳಿಕೊಟ್ಟ ಸೂತ್ರವನ್ನು ನಾವೂ ಬಾಯಿಪಾಠ ಮಾಡಿದೆವು: ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು, ಜತೆಗಿರುವವರು ಏರುವಾಗ ಹಿಂದೆ, ಇಳಿಯುವಾಗ ಒಂದು ಮೆಟ್ಟಿಲು ಕೆಳಗೆ.

ಕಾಲವನ್ನು ಆರಿಸುವುದು ಸುಲಭವಾಗಿತ್ತು. ಮಳೆಗಾಲದಲ್ಲಿ ಆ ಕರಾವಳಿಗೆ 3,000 ಮಿಲಿಮೀಟರ್‌ಗೂ ಮೀರಿ ಮಳೆ. 2024ರ ಜುಲೈಯಲ್ಲಿ ಅಂಕೋಲೆಯ ಬಳಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೇ ನುಂಗಿದ್ದನ್ನು ಮರೆಯುವಂತಿಲ್ಲ. ಶಿವರಾತ್ರಿಯ ಜನಜಂಗುಳಿ ನಮ್ಮಂಥವರಿಗಲ್ಲ. ಡಿಸೆಂಬರಿನ ಮೊದಲ ವಾರವೆಂದು ನಿಶ್ಚಯವಾಯಿತು.

ದಾರಿ ಎರಡು. ರಾಯದುರ್ಗದಿಂದ ಬಳ್ಳಾರಿ ಸುಮಾರು 50 ಕಿಲೋಮೀಟರು. ಅಲ್ಲಿಂದ ಹುಬ್ಬಳ್ಳಿಗೆ ರೈಲು. ಹುಬ್ಬಳ್ಳಿಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲೆಗಳ ಮಾರ್ಗವಾಗಿ ಕಾರಿನಲ್ಲಿ ಸುಮಾರು 150 ಕಿಲೋಮೀಟರು. ಇದು ನಮ್ಮ ದಾರಿ. ಅಕ್ಕನದು ಬೇರೆ: ಮಡಕಶಿರಾದಿಂದ ಬೆಂಗಳೂರಿಗೆ ಬಸ್ಸು, ಅಲ್ಲಿಂದ ಕಾರವಾರದ ಪಂಚಗಂಗಾ ರೈಲಿನಲ್ಲಿ ರಾತ್ರಿಯ ಪ್ರಯಾಣ, ಬೆಳಗ್ಗೆ ಗೋಕರ್ಣ ರೋಡ್ ನಿಲ್ದಾಣ. ಘಟ್ಟದ ತಿರುವುಗಳಲ್ಲಿ ವಾಂತಿಯಾಗುವವರಿಗೆ ಅಕ್ಕನ ದಾರಿಯೇ ಮೇಲು. ಆದರೆ ಸಣ್ಣ ನಿಲ್ದಾಣದಲ್ಲಿ ರೈಲು ನಿಲ್ಲುವುದು ಸ್ವಲ್ಪವೇ ಹೊತ್ತು. ಅಷ್ಟರಲ್ಲಿ ಅತ್ತೆಯವರನ್ನೂ ಸಾಮಾನನ್ನೂ ಇಳಿಸಬೇಕಾದ ಭಾವನವರು ಹಿಂದಿನ ನಿಲ್ದಾಣದಲ್ಲಿಯೇ ಅವರನ್ನು ಬಾಗಿಲ ಬಳಿಯ ಆಸನಕ್ಕೆ ಕರೆತಂದು ಕೂರಿಸಿದ್ದರಂತೆ. ಕೆಳಗಿನ ಮಲಗುವ ಆಸನಕ್ಕೆ 60 ದಾಟಿದ ಗಂಡಸರಿಗೂ 45 ದಾಟಿದ ಹೆಂಗಸರಿಗೂ ಪ್ರತ್ಯೇಕ ಕೋಟಾ ಇದೆ. ಚೀಟಿ ಕಾದಿರಿಸುವಾಗ ಕೇಳಿಕೊಳ್ಳಬೇಕು. ಹಿರಿಯರಿಗಿದ್ದ ರಿಯಾಯಿತಿ ಮಾತ್ರ 2020ರ ಮಾರ್ಚಿಯಲ್ಲಿ ನಿಂತುಹೋಯಿತು.

ಬಸ್ಸಿನ ವಿಷಯದಲ್ಲಿ ಗಡಿನಾಡಿನವರ ಪಾಡು ಗೊತ್ತೇ ಇದೆ. ಕರ್ನಾಟಕದಲ್ಲಿ 2023ರ ಜೂನಿನಲ್ಲಿ, ಆಂಧ್ರದಲ್ಲಿ 2025ರ ಆಗಸ್ಟಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಬಂತು. ಎರಡೂ ಕಡೆ ನೋಡುವುದು ಗುರುತಿನ ಚೀಟಿಯ ವಿಳಾಸವನ್ನು. ಕನ್ನಡ ಮಾತಾಡುವ ಅಕ್ಕನ ಅತ್ತೆಯವರು ಗಡಿ ದಾಟುವಾಗ ಪೂರ್ತಿ ದುಡ್ಡು ತೆತ್ತೇ ಹೋದರು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಹೊರಡುವ ಹಿಂದಿನ ದಿನ ಸಂಜೆಯಿಂದ ತಾಯಿಯವರು ನೀರು ಕುಡಿಯುವುದನ್ನು ನಿಲ್ಲಿಸಿದ್ದರು. ಯಾರಿಗೂ ಹೇಳಿರಲಿಲ್ಲ. ದಾರಿಯಲ್ಲಿ ಮೂತ್ರಕ್ಕೆ ಹೋಗಬೇಕಾದರೆ ಮಗನಿಗೆ ತೊಂದರೆಯೆಂಬ ಸಂಕೋಚ! ರಕ್ತದೊತ್ತಡದ ಮಾತ್ರೆ ನುಂಗುವವರು ಹೀಗೆ ಬಾಯಾರಿ ಕುಳಿತರೆ ಎದ್ದು ನಿಂತಾಗ ತಲೆ ಸುತ್ತಿ ಬೀಳುವುದುಂಟು. ಬಳ್ಳಾರಿಯಲ್ಲಿ ಅವರು ಗೋಡೆ ಹಿಡಿದು ನಿಂತಾಗಲೇ ನನಗೆ ತಿಳಿದದ್ದು. ಮೆಟ್ಟಿಲುಗಳನ್ನು ಲೆಕ್ಕ ಹಾಕಿದ ನಾನು ಈ ಲೆಕ್ಕವನ್ನು ಮರೆತಿದ್ದೆ. ಮಾರನೆಯ ದಿನ ಕಾರಿನಲ್ಲಿ ಪ್ರತಿ ಗಂಟೆಗೊಮ್ಮೆ ನಿಲ್ಲಿಸಿದೆವು. ಎಲ್ಲಿ ಶುಚಿಯಾದ ಪಾಯಖಾನೆಯಿದೆಯೆಂದು ಅವರ ಮುಂದೆಯೇ ಚಾಲಕನನ್ನು ಕೇಳಿದೆ; ಆ ಬಳಿಕವೇ ಅವರು ನೀರಿನ ಬಾಟಲಿಯನ್ನು ಮುಟ್ಟಿದ್ದು. ಆಗಾಗ ಇಳಿದು ನಾಲ್ಕು ಹೆಜ್ಜೆ ಹಾಕುವುದರಿಂದ ಕಾಲುಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಕಡಿಮೆಯಾಗುತ್ತದೆ.

ಗೋಕರ್ಣದ ಆಟೋ ಚಾಲಕನೊಬ್ಬ ನಮ್ಮ ಮಾತು ಕೇಳಿ, “ನಿಮ್ಮೂರು ಆಂಧ್ರವಲ್ಲವೆ ಅಮ್ಮಾ, ಕನ್ನಡ ಹೇಗೆ ಬಂತು?” ಎಂದ. 1953ರ ಅಕ್ಟೋಬರಿನಲ್ಲಿ ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರುಗಳ ಜತೆಗೆ ರಾಯದುರ್ಗ ಆಂಧ್ರಕ್ಕೆ ಹೋದ ಕಥೆಯನ್ನು ನಾನು ಶುರುಮಾಡುವುದರೊಳಗೆ ತಾಯಿಯವರೇ ಉತ್ತರ ಕೊಟ್ಟರು: “ಕನ್ನಡ ಎಲ್ಲಿಗೂ ಹೋಗಿರಲಿಲ್ಲವಲ್ಲಪ್ಪ, ಬರುವುದಕ್ಕೆ.”

ದೇವಾಲಯದ ಪ್ರಸಂಗ ಸ್ವಲ್ಪ ಕಠಿನ. ಗೋಕರ್ಣದಲ್ಲಿ ಆತ್ಮಲಿಂಗವನ್ನು ಭಕ್ತರು ನೆಲದ ಮೇಲೆ ಕುಳಿತು, ಪೀಠದ ರಂಧ್ರದೊಳಕ್ಕೆ ಕೈಯಿಟ್ಟು ಸ್ಪರ್ಶಿಸುವುದು ವಾಡಿಕೆ. ಕೂತು ಏಳಲಾಗದವರಿಗೆ ಆ ಒಂದು ಗೇಣು ತಗ್ಗು ಓಂ ತೀರದ ಮೆಟ್ಟಿಲುಗಳಷ್ಟೇ ದೂರ. ಹೊರಗೆ ಬಿಡಬೇಕಾದ ಪಾದರಕ್ಷೆಯೂ ಒಂದು ತೊಡಕು. ಸೋತ ಕಾಲಿಗೆ ಅದು ಬರಿಯ ಚಪ್ಪಲಿಯಲ್ಲ, ಆಸರೆ. ಬಿಸಿಲೇರುವ ಮೊದಲೇ ಹೋದೆವು. ಇಬ್ಬರು ಹಿಡಿದು ಕೂರಿಸಬಹುದೆಂದು ನಾನೂ ಭಾವನವರೂ ಕಣ್ಣಲ್ಲೇ ಮಾತಾಡಿಕೊಳ್ಳುತ್ತಿದ್ದುದನ್ನು ತಂದೆಯವರು ಗಮನಿಸಿರಬೇಕು. “ನನಗೆ ನೋಡಿದರೆ ಸಾಕು. ಮಗಳು ಮುಟ್ಟಲಿ” ಎಂದರು. ಅಕ್ಕ ಒಳಗೆ ಹೋಗಿ ಮುಟ್ಟಿ ಬಂದು, ತೇವವಿದ್ದ ಆ ಕೈಯನ್ನು ಅವರ ಎರಡು ಕಣ್ಣುಗಳ ಮೇಲೂ ಒತ್ತಿದಳು. ಅವರು ಸ್ವಲ್ಪ ಹೊತ್ತು ಕಣ್ಣು ತೆರೆಯಲಿಲ್ಲ. ಯಾವುದನ್ನು ಬಿಡಬೇಕೆಂಬುದನ್ನು ಮಕ್ಕಳು ನಿರ್ಧರಿಸದೆ ಅವರಿಗೇ ಬಿಟ್ಟದ್ದು ಒಳ್ಳೆಯದಾಯಿತು. ನಾನು “ಬೇಡ” ಎಂದಿದ್ದರೆ ಅದು ಜೀವಮಾನದ ಕೊರಗಾಗುತ್ತಿತ್ತು.

ಏರಿ ನೋಡುವ ಆಸೆಗೂ ಒಂದು ದಾರಿ ಸಿಕ್ಕಿತು. ಮುರುಡೇಶ್ವರದಲ್ಲಿ 2008ರಲ್ಲಿ ಪೂರ್ತಿಯಾದ, 237 ಅಡಿಗಳಷ್ಟು ಎತ್ತರದ ರಾಜಗೋಪುರದೊಳಗೆ ಲಿಫ್ಟ್ ಇದೆ. ಮೂರು ಕಡೆ ಕಡಲು ಸುತ್ತಿದ ಕಂದುಕಗಿರಿಯನ್ನೂ ಮೇಲಿನ ಶಿವನ ಮೂರ್ತಿಯನ್ನೂ ಮೂವರು ಹಿರಿಯರು ಗೋಪುರದ ಕಿಂಡಿಯಿಂದ ನೋಡಿದರು. ಹಾಗೆಯೇ ಗೋಕರ್ಣದ ಸಮೀಪದ ಸಾಣಿಕಟ್ಟೆಯ ಉಪ್ಪಿನ ಗದ್ದೆಗಳು. ಕಾರಿನ ಬಾಗಿಲು ತೆರೆದರೆ ಸಾಕು, ಕಣ್ಣು ಹಾಯುವಷ್ಟು ದೂರ ಸಮತಟ್ಟು.

ಇನ್ನು ಕಡಲು. ಒಣ ಮರಳಿನಲ್ಲಿ ಗಾಲಿಕುರ್ಚಿ ಹೂತುಹೋಗುತ್ತದೆ, ಊರುಗೋಲೂ ಅಷ್ಟೆ. ಇಳಿತದ ಹೊತ್ತಿನಲ್ಲಿ ನೀರು ಹಿಂದೆ ಸರಿದ ಮೇಲೆ ಉಳಿಯುವ ಒದ್ದೆ ಮರಳು ಮಾತ್ರ ಗಟ್ಟಿ. ಇಳಿತ ದಿನಕ್ಕೆ ಎರಡು ಸಲ ಬರುತ್ತದೆ. ಪ್ರತಿದಿನವೂ ಸುಮಾರು 50 ನಿಮಿಷ ತಡವಾಗಿ. ಮೀನುಗಾರರನ್ನು ಕೇಳಿ ಹೊತ್ತು ಗೊತ್ತುಮಾಡಿಕೊಂಡೆವು. ಒಣ ಮರಳು ಹಾಯುವಷ್ಟು ದೂರಕ್ಕೆ ಎರಡು ಹಲಗೆಗಳನ್ನು ಒಂದರ ಮುಂದೊಂದು ಹಾಸುತ್ತಾ, ಹಿಂದಿನದನ್ನು ತೆಗೆದು ಮುಂದಿಡುತ್ತಾ ಸಾಗಿದೆವು. ತಂದೆಯವರು ನಡೆದರು. ಯಾರೂ ಹೊರಲಿಲ್ಲ. ನೀರಿನಂಚಿನಲ್ಲಿ ಮೂರು ಪ್ಲಾಸ್ಟಿಕ್ ಕುರ್ಚಿಗಳನ್ನಿಟ್ಟು, ಕಾಲುಗಳು ಹೂತುಹೋಗದಂತೆ ಅದೇ ಹಲಗೆಗಳನ್ನು ಅಡಿಗೆ ಕೊಟ್ಟೆವು.

ಅಲೆಯೊಂದು ಬಂದು ಮೂವರ ಪಾದಗಳನ್ನೂ ತೊಳೆದು ಹೋಯಿತು. ಅಕ್ಕನ ಅತ್ತೆಯವರು ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡು, “ಇಷ್ಟು ನೀರಿದ್ದೂ ಒಂದು ಕೊಡ ಮನೆಗಾಗುವುದಿಲ್ಲವಲ್ಲ!” ಎಂದು ನಿಜವಾಗಿಯೇ ಮರುಗಿದರು. ತಾಯಿಯವರು ಏನೂ ಮಾತಾಡಲಿಲ್ಲ. ಸೀರೆಯ ನೆರಿಗೆ ಒದ್ದೆಯಾಗುತ್ತಿದ್ದರೂ ಎತ್ತಿಕೊಳ್ಳಲಿಲ್ಲ. ತಂದೆಯವರು ಊರುಗೋಲಿನಿಂದ ಮರಳಿನ ಮೇಲೆ ನೀರು ಮುಟ್ಟಿದ ಗೆರೆಯೊಂದನ್ನು ಎಳೆದು, ಮುಂದಿನ ಅಲೆ ಅದನ್ನು ದಾಟುವುದೋ ಇಲ್ಲವೋ ಎಂದು ಕಾಯುತ್ತಾ ಕುಳಿತರು. ಬಿಸಿಲು ಏರಿತು, ಹೊರಡೋಣವೆಂದೆ. ಅವರು ತಿರುಗಿ ನೋಡದೆಯೇ ಕೇಳಿದರು:

“ನಾಳೆ ಇಳಿತ ಎಷ್ಟು ಗಂಟೆಗೆ?”