ಮೀನೆಣ್ಣೆಯ ಗುಳಿಗೆಯೂ ಬೊಜ್ಜೂ

ಕಾಸರಗೋಡಿನ ನಮ್ಮ ಶಾಲೆಗೆ ಈಚೆಗೆ ಹಿರಿಯ ಪೋಷಕರೊಬ್ಬರು ಬಂದು ಮೀನೆಣ್ಣೆಯ ಗುಳಿಗೆಗಳ ಡಬ್ಬಿಯನ್ನು ನಮ್ಮ ಮುಂದಿಟ್ಟರು. "ಮಾಷ್ಟ್ರೇ, ಇದರಿಂದ ಬೊಜ್ಜು ಕರಗುವುದಂತೆ. ಇನ್ನು ಸಕ್ಕರೆ ಕಾಯಿಲೆಯ ಮಾತ್ರೆ ಬಿಡಬಹುದಲ್ಲವೇ?" ಎಂದು ಕೇಳಿದರು. ಓದುಗ ಬಂಧುಗಳಲ್ಲಿಯೂ ಹಲವರಿಗೆ ಈ ಸಂದೇಹವಿದ್ದೀತೆಂದು ಇಲ್ಲಿ ವಿವರಿಸುತ್ತೇವೆ.

1970ರ ಸುಮಾರಿಗೆ ಡೆನ್ಮಾರ್ಕಿನ ಬಾಂಗ್ ಮತ್ತು ಡೈಯರ್‌ಬರ್ಗ್ ಎಂಬ ವಿಜ್ಞಾನಿಗಳು ಗ್ರೀನ್‌ಲ್ಯಾಂಡಿನ ಮೂಲನಿವಾಸಿಗಳ ರಕ್ತವನ್ನು ಪರೀಕ್ಷಿಸಿದರು. ಸೀಲ್ ಮತ್ತು ಮೀನುಗಳ ಕೊಬ್ಬನ್ನು ಧಾರಾಳವಾಗಿ ಸೇವಿಸುತ್ತಿದ್ದರೂ ಆ ಜನರ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಕಡಿಮೆಯಿತ್ತು. ಮೀನೆಣ್ಣೆಯ ಒಮೇಗಾ-3 ಆಮ್ಲಗಳು ಪಿತ್ತಜನಕಾಂಗದಲ್ಲಿ ಈ ಕೊಬ್ಬಿನ ಉತ್ಪತ್ತಿಯನ್ನು ತಗ್ಗಿಸುತ್ತವೆಂಬುದು ಮುಂದೆ ತಿಳಿದುಬಂದಿತು. ಆದರೆ ಅದಕ್ಕೆ ದಿನಕ್ಕೆ 2ರಿಂದ 4 ಗ್ರಾಂ ಬೇಕು. 1 ಗ್ರಾಮಿನ ಸಾಮಾನ್ಯ ಗುಳಿಗೆಯಲ್ಲಿರುವುದು ಸುಮಾರು 300 ಮಿಲಿಗ್ರಾಂ ಮಾತ್ರ. ಹೆಚ್ಚಿನ ಪ್ರಮಾಣದಿಂದ ಕೆಲವರ ಹೃದಯಬಡಿತ ಏರುಪೇರಾಗುವುದೂ ಉಂಟು. ಆದುದರಿಂದ ವೈದ್ಯರ ಸಲಹೆ ಅವಶ್ಯ.

ಬೊಜ್ಜಿನ ಮಾತೇನು? ಗುಳಿಗೆಯಿಂದ ತೂಕ ಗಣನೀಯವಾಗಿ ಇಳಿಯುವುದಿಲ್ಲ. ರಕ್ತದ ಸಕ್ಕರೆಯೂ ತಗ್ಗುವುದಿಲ್ಲ. ಬ್ರಿಟನ್ನಿನಲ್ಲಿ 15,480 ಮಧುಮೇಹಿಗಳ ಮೇಲೆ ಸುಮಾರು 7 ವರ್ಷ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೊಂದು ಗುಳಿಗೆ ಸೇವಿಸಿದವರಿಗೆ ಹೃದಯಾಘಾತ, ಪಾರ್ಶ್ವವಾಯುಗಳಿಂದ ಹೆಚ್ಚಿನ ರಕ್ಷಣೆಯೇನೂ ದೊರೆಯಲಿಲ್ಲ.

ಮೀನು ತಿನ್ನುವ ಮನೆಗಳಿಗೆ ಭೂತಾಯಿ, ಬಂಗುಡೆಗಳಲ್ಲಿಯೇ ಒಮೇಗಾ-3 ಹೇರಳವಾಗಿದೆ. ವಾರಕ್ಕೆರಡು ಬಾರಿ, ಎಣ್ಣೆಯಲ್ಲಿ ಕರಿಯದೆ ಸಾರು ಮಾಡಿ ಉಂಡರೆ ಲೇಸು. ಮಾತ್ರೆಯನ್ನಂತೂ ಸ್ವಂತ ನಿರ್ಧಾರದಿಂದ ಬಿಡಲಾಗದು.

ನಮ್ಮ ಹಿರಿಯರು ಮಾತ್ರೆ ಬಿಟ್ಟಿಲ್ಲ. ಈಗ ಸಂಜೆ ಗುಡ್ಡದ ದಾರಿಯಲ್ಲಿ ನಮ್ಮೊಡನೆ ನಡೆಯಲು ಬರುತ್ತಿದ್ದಾರೆ.