ಬಲೂನಿನ ಹಗ್ಗ ಹಿಡಿಯುವ ಕೈಗಳು

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ನಗರದಲ್ಲಿ ಪ್ರತಿವರ್ಷ ಅಕ್ಟೋಬರ್ ತಿಂಗಳ ಆರಂಭದಲ್ಲಿ ಒಂಬತ್ತು ದಿನಗಳ ಕಾಲ ಜರುಗುವ ಅಂತರರಾಷ್ಟ್ರೀಯ ಬಲೂನ್ ಉತ್ಸವವು ಈ ಬಗೆಯ ಮೇಳಗಳಲ್ಲಿ ಜಗತ್ತಿಗೇ ದೊಡ್ಡದೆಂದು ಹೆಸರಾಗಿದೆ. ಆ ದಿನಗಳಲ್ಲಿ ಹೋಟೆಲುಗಳಲ್ಲಿ ಕೋಣೆ ದೊರೆಯುವುದು ಕಷ್ಟ. ಉಪಾಹಾರದಂಗಡಿಯಿಂದ ಬಾಡಿಗೆ ಕಾರಿನವರೆಗೆ ಎಲ್ಲರಿಗೂ ಅದು ಸುಗ್ಗಿಯ ಕಾಲ. ಇಷ್ಟೊಂದು ವ್ಯವಹಾರವನ್ನು ಹೊತ್ತು ನಿಂತಿರುವ ಒಂದು ದುಡಿಮೆಗೆ ಮಾತ್ರ ಸಂಬಳವೆಂಬುದಿಲ್ಲ. ಬಲೂನುಗಳನ್ನು ನೆಲದಿಂದ ಏರಿಸುವವರು, ಅವು ತೇಲಿದ ದಿಕ್ಕಿಗೆ ವಾಹನದಲ್ಲಿ ಬೆನ್ನಟ್ಟಿ ಹೋಗಿ ಇಳಿಸಿಕೊಳ್ಳುವವರು ಬಹುಪಾಲು ಸ್ವಯಂಸೇವಕರೇ. ಹಿಂದೆಂದೂ ಬಲೂನನ್ನು ಮುಟ್ಟದವರಿಗೂ ಒಂದು ದಿನದ ಮಟ್ಟಿಗೆ ಈ ಕೆಲಸ ಸಿಗಬಹುದು.

ಉತ್ಸವದ ಮೂಲವೂ ವ್ಯಾಪಾರದ ಅಂಗಳದಲ್ಲೇ ಇದೆ. 1972ರ ಏಪ್ರಿಲ್‌ನಲ್ಲಿ ಸ್ಥಳೀಯ ರೇಡಿಯೊ ಕೇಂದ್ರವೊಂದರ ಐವತ್ತನೆಯ ವರ್ಷಾಚರಣೆಯ ಅಂಗವಾಗಿ, ಸಿಡ್ ಕಟರ್ ಎಂಬ ವಿಮಾನೋದ್ಯಮಿಯ ಮುಂದಾಳತ್ವದಲ್ಲಿ, ಮಾರಾಟ ಸಂಕೀರ್ಣವೊಂದರ ವಾಹನ ನಿಲುಗಡೆಯ ಜಾಗದಿಂದ 13 ಬಲೂನುಗಳು ಮೇಲೇರಿದವು. ಮರುವರ್ಷ ಬಿಸಿಗಾಳಿ ಬಲೂನುಗಳ ಮೊದಲ ವಿಶ್ವ ಚಾಂಪಿಯನ್‌ಷಿಪ್ ಅದೇ ನಗರದಲ್ಲಿ ನಡೆಯಿತು. 2000ನೆಯ ಇಸವಿಯ ವೇಳೆಗೆ ಬಲೂನುಗಳ ಸಂಖ್ಯೆ ಸಾವಿರವನ್ನು ದಾಟಿತ್ತು.

ಸ್ವಯಂಸೇವಕನ ದಿನವು ಸೂರ್ಯೋದಯಕ್ಕೆ ಬಹಳ ಮುಂಚೆಯೇ ಆರಂಭವಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದ ಆ ಒಣನಾಡಿನಲ್ಲಿ ಅಕ್ಟೋಬರಿನ ಬೆಳಗಿನ ಜಾವ ಕೈಬೆರಳುಗಳು ಮರಗಟ್ಟುವಷ್ಟು ಚಳಿ ಇರುತ್ತದೆ. ಆದರೂ ನೈಲಾನ್ ಉಡುಪು ಧರಿಸಿ ಬಾರದಂತೆ ಮೊದಲೇ ತಿಳಿಸುವುದು ವಾಡಿಕೆ. ಬೆಂಕಿಯ ಸಮೀಪ ಅದು ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಹತ್ತಿಬಟ್ಟೆ, ಚರ್ಮದ ಕೈಗವಸು, ಗಟ್ಟಿ ಬೂಟು, ಇಷ್ಟಿದ್ದರೆ ಸಾಕು. ಹೊಣೆಗಾರಿಕೆಯ ಪತ್ರಕ್ಕೆ ಸಹಿ ಹಾಕಿದ ಮೇಲೆ ಒಬ್ಬ ಪೈಲಟ್ಟಿನ ತಂಡಕ್ಕೆ ಆತ ಸೇರಿಕೊಳ್ಳುತ್ತಾನೆ.

ಗಾಳಿ ಅನುಕೂಲವಾಗಿದೆಯೆಂದು ಹಸಿರು ಬಾವುಟ ಏರಿದ ಬಳಿಕ ಕೆಲಸ ಬಿರುಸಾಗುತ್ತದೆ. ಬೆತ್ತದ ಬುಟ್ಟಿಯನ್ನು ಅಡ್ಡ ಮಲಗಿಸಿ, ಬಲೂನಿನ ಬಟ್ಟೆಯನ್ನು ನೆಲದ ಮೇಲೆ ಉದ್ದಕ್ಕೆ ಬಿಡಿಸುತ್ತಾರೆ. ಇಬ್ಬರು ಅದರ ಬಾಯಿಯನ್ನು ಅಗಲಿಸಿ ಹಿಡಿದಾಗ ಎಂಜಿನ್ ಫ್ಯಾನು ತಣ್ಣನೆಯ ಗಾಳಿಯನ್ನು ಒಳಕ್ಕೆ ನುಗ್ಗಿಸುತ್ತದೆ. ಆಮೇಲೆ ಪೈಲಟ್ ಪ್ರೊಪೇನ್ ಅನಿಲದ ಬರ್ನರ್ ಹೊತ್ತಿಸುತ್ತಾನೆ. ಸಾಧಾರಣ ಗಾತ್ರದ ಒಂದು ಬಲೂನಿನೊಳಗೆ ಸುಮಾರು 2,200 ಘನ ಮೀಟರ್ ಗಾಳಿ ತುಂಬುತ್ತದೆ. ಆ ಗಾಳಿಯ ತೂಕವೇ ಸುಮಾರು ಎರಡು ಟನ್ನು. ತುದಿಯ ಹಗ್ಗವನ್ನು ಹಿಡಿದಿರುವವನು ಬಲೂನು ಹೊಯ್ದಾಡದಂತೆ ತಡೆಯುತ್ತ, ಅದು ನೆಟ್ಟಗೆ ನಿಲ್ಲುವವರೆಗೆ ಹೆಜ್ಜೆ ಹೆಜ್ಜೆಯಾಗಿ ಬುಟ್ಟಿಯತ್ತ ಬರಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವಂತಿಲ್ಲ. ಕಾಲು ನೆಲ ಬಿಟ್ಟಿತೆನಿಸಿದ ಕ್ಷಣವೇ ಕೈಬಿಡಬೇಕು; ಒಂದು ಕ್ಷಣ ಅನುಮಾನಿಸಿದವನಿಗೆ ಮರುಕ್ಷಣ ಎತ್ತರವೇ ಅಡ್ಡಬರುತ್ತದೆ. ತೇರಿನ ಹಗ್ಗಕ್ಕೆ ಕೈಹಚ್ಚಿದವರಿಗೆ ಈ ಉತ್ಸಾಹ ಹೊಸದೇನಲ್ಲ. ಆದರೆ ತೇರು ಮೇಲಕ್ಕೆ ಏಳುವುದಿಲ್ಲ.

ಕಪ್ಪುಬಿಳಿ ಪಟ್ಟೆಯ ಉಡುಪಿನಿಂದಾಗಿ ‘ಝೀಬ್ರಾ’ ಎಂದೇ ಹೆಸರಾದ ನಿರ್ದೇಶಕರು ಮೇಲುಗಡೆ ತೆರವಾಗಿದೆಯೆಂದು ಸನ್ನೆ ಮಾಡಿದ ಮೇಲೆಯೇ ಬಲೂನು ಹೊರಡಬೇಕು. ಅವರೂ ಸ್ವಯಂಸೇವಕರೇ.

ಈ ನಗರಕ್ಕೆ ಉತ್ಸವ ಒಲಿದಿರುವುದು ಗಾಳಿಯ ಒಂದು ವಿಶೇಷದಿಂದ. ತಂಪಾದ ಮುಂಜಾವಿನಲ್ಲಿ ರಿಯೊ ಗ್ರಾಂಡೆ ನದಿಯ ಕಣಿವೆಗುಂಟ ಕೆಳಮಟ್ಟದ ಗಾಳಿ ದಕ್ಷಿಣಕ್ಕೆ ಹರಿದರೆ, ಅದರ ಮೇಲಿನ ಪದರ ಉತ್ತರಕ್ಕೆ ಬೀಸುತ್ತದೆ. ಏರುತ್ತ ಇಳಿಯುತ್ತ ನಿಪುಣ ಪೈಲಟ್ ಹೊರಟ ಜಾಗದ ಸಮೀಪಕ್ಕೇ ಮರಳಬಲ್ಲ. ‘ಆಲ್ಬುಕರ್ಕಿ ಪೆಟ್ಟಿಗೆ’ ಎಂದು ಕರೆಯಲಾಗುವ ಈ ಅನುಕೂಲ ಎಲ್ಲ ದಿನವೂ ಲಭಿಸುವುದಿಲ್ಲ. ಅದು ಇಲ್ಲದ ದಿನ ನೆಲದ ತಂಡಕ್ಕೆ ನಿಜವಾದ ಪರೀಕ್ಷೆ.

ಟ್ರೇಲರ್ ಕಟ್ಟಿದ ವಾಹನದಲ್ಲಿ ತಂಡವು ಆಕಾಶವನ್ನೂ ರಸ್ತೆಯನ್ನೂ ಏಕಕಾಲಕ್ಕೆ ನೋಡುತ್ತ ಸಾಗುತ್ತದೆ. ವಿದ್ಯುತ್ ತಂತಿಗಳೆಲ್ಲಿವೆ, ಇಳಿಯಬಾರದೆಂದು ನಕಾಶೆಯಲ್ಲಿ ಗುರುತಿಸಿದ ಸ್ಥಳಗಳಾವುವು ಎಂಬುದನ್ನು ಗಮನಿಸಬೇಕು. ಬಯಲು ಕಂಡೊಡನೆ ಒಬ್ಬ ಓಡಿಹೋಗಿ ಆ ಜಾಗದ ಮಾಲೀಕನನ್ನು ಹುಡುಕಿ, ವಾಹನ ಒಳತರಲು ಅನುಮತಿ ಬೇಡಬೇಕು. ತೆರೆದ ಗೇಟನ್ನು ಮರಳಿ ಮುಚ್ಚಬೇಕು. ಮೊದಲ ದಿನದ ಸ್ವಯಂಸೇವಕನಿಗೆ ಹಗ್ಗ ಹಿಡಿಯುವುದಕ್ಕಿಂತ ಅಪರಿಚಿತರ ಬಾಗಿಲು ತಟ್ಟುವ ಈ ಕೆಲಸವೇ ಕಷ್ಟವೆನಿಸಿದರೆ ಆಶ್ಚರ್ಯವಿಲ್ಲ.

ವರ್ತಕರು ಗಮನಿಸಬೇಕಾದ ಸಂಗತಿ ಇರುವುದು ಇಲ್ಲಿಯೇ. ಉತ್ಸವ ಬೆಳೆದ ಐದು ದಶಕಗಳಲ್ಲಿ ನಗರವೂ ಬೆಳೆಯಿತು. ಬಲೂನುಗಳು ನಿರಾತಂಕವಾಗಿ ಇಳಿಯುತ್ತಿದ್ದ ಬಯಲುಗಳಲ್ಲಿ ಮನೆಗಳೂ ಅಂಗಡಿಗಳೂ ಎದ್ದವು. ಉತ್ಸವದಿಂದ ಹೆಸರು ಪಡೆದ ನಗರದಲ್ಲಿ ಅದೇ ಉತ್ಸವಕ್ಕೆ ಕಾಲೂರಲು ಸ್ಥಳ ಸಾಲದಾಯಿತು. ಬಲೂನುಗಳ ಸಂಖ್ಯೆಯನ್ನು ಕಡಿತಗೊಳಿಸಿದ ಕಾರಣಗಳಲ್ಲಿ ಇದೂ ಒಂದು. ಸಾವಿರ ಮೀರಿದ್ದ ಅವು ಈಚಿನ ವರ್ಷಗಳಲ್ಲಿ ಐದುನೂರರ ಆಸುಪಾಸಿಗೆ ಇಳಿದಿವೆ. ಶಾಲೆಯ ಆಟದ ಮೈದಾನ, ಖಾಲಿ ನಿವೇಶನ, ಕೆಲವೊಮ್ಮೆ ಬಡಾವಣೆಯ ರಸ್ತೆ, ಹೀಗೆ ಸಿಕ್ಕಲ್ಲಿ ಇಳಿಯಬೇಕಾದಾಗ ನಿವಾಸಿಗಳ ಸದ್ಭಾವವೇ ಆಸರೆ. ಯಾವ ಪ್ರಾಯೋಜಕನೂ ಇದನ್ನು ಹಣ ತೆತ್ತು ಕೊಳ್ಳಲಾರ. ಬೇಲಿ ಮುರಿದು ಹೋದ ಒಂದು ತಂಡ, ಮುಂದೆ ಬರುವ ಹತ್ತು ತಂಡಗಳ ಬಾಗಿಲನ್ನು ಮುಚ್ಚಿಸುತ್ತದೆ.

ಅನುಮತಿ ದೊರೆತು ಬುಟ್ಟಿ ನೆಲ ಮುಟ್ಟಿದೊಡನೆ ಎಲ್ಲರೂ ಅದರ ಅಂಚಿಗೆ ಭಾರ ಹಾಕಿ ನಿಲ್ಲುತ್ತಾರೆ. ಬಟ್ಟೆಯೊಳಗಿನ ಗಾಳಿಯನ್ನು ಹಿಂಡಿ ಹೊರಹಾಕಿ, ಮಡಚಿ, ಚೀಲಕ್ಕೆ ತುರುಕುವುದು ಆ ದಿನದ ಅತ್ಯಂತ ಬೆವರಿನ ಕೆಲಸ. ಹಿಂದೆ ಫ್ರಾನ್ಸಿನಲ್ಲಿ ಹೊಲಕ್ಕಿಳಿದ ಬಲೂನಿಗರು ಕೆರಳಿದ ರೈತರನ್ನು ಶ್ಯಾಂಪೇನ್ ನೀಡಿ ಸಮಾಧಾನಪಡಿಸುತ್ತಿದ್ದರೆಂಬ ಪ್ರತೀತಿಯುಂಟು. ಹಾರಾಟದ ಬಳಿಕ ಶ್ಯಾಂಪೇನ್ ತೆರೆಯುವ ರೂಢಿ ಇಂದಿಗೂ ಉಳಿದಿದೆ. ಬಲೂನಿನ ಚಿತ್ರವಿರುವ ಪುಟ್ಟ ಪಿನ್ನುಗಳನ್ನು ಹಂಚುವುದೂ ಉತ್ಸವದ ರೂಢಿ, ಮಕ್ಕಳು ಅವನ್ನು ಕಾಡಿ ಬೇಡಿ ಕೂಡಿಹಾಕುತ್ತಾರೆ. ಸ್ವಯಂಸೇವಕನಿಗೂ ಒಂದು ಪಿನ್ನು, ಹೊಟ್ಟೆತುಂಬ ಉಪಾಹಾರ. ಪೈಲಟ್ ಒಪ್ಪಿದರೆ, ವಾರದ ಕೊನೆಗೆ ಬುಟ್ಟಿಯಲ್ಲಿ ಒಂದು ಸ್ಥಾನ.